ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ನೀರಿನೊಳಗಿನ ಫೋಟೋ ತೆಗೆಯಬೇಕು. ಉಡುಪಿಯಲ್ಲಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಮನೆಯ ಬಕೆಟ್‌ನಿಂದ ಶುರು ಮಾಡಿ. ಹೌಸಿಂಗ್ (ಕ್ಯಾಮೆರಾಕ್ಕೆ ನೀರು ತಾಗದಂತೆ ತಡೆಯುವ ಪೆಟ್ಟಿಗೆ) ಕೊಂಡಿದ್ದರೆ ಮೊದಲ ಸಲ ಅದರೊಳಗೆ ಕ್ಯಾಮೆರಾ ಇಡಬೇಡಿ. ಒಳಗೆ ಟಿಶ್ಯೂ ಪೇಪರ್ ಹಾಕಿ ಮುಚ್ಚಿ, ಮೇಲೆ ಭಾರವಿಟ್ಟು ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿಯೇ ಇದ್ದರೆ ಮಾತ್ರ ಮುಂದಿನ ಮಾತು. ಬಾಗಿಲ ಸುತ್ತಲಿನ ರಬ್ಬರ್ ಓ-ರಿಂಗ್ ಮೇಲೆ ಒಂದು ಕೂದಲೆಳೆಯೋ ಮರಳಿನ ಕಣವೋ ಕೂತರೂ ನೀರು ನುಗ್ಗುತ್ತದೆ. ಹಾಗಾಗಿ ಮಲ್ಪೆ ಬೀಚಿನಲ್ಲಿ ಕೂತು ಹೌಸಿಂಗ್ ತೆರೆಯಲೇಬೇಡಿ, ಮನೆಯಲ್ಲೇ ಮುಚ್ಚಿಕೊಂಡು ಹೋಗಿ. ಒಲಿಂಪಸ್ ಟಿಜಿ-6 ಥರದ ಜಲನಿರೋಧಕ ಕ್ಯಾಮೆರಾ ಆದರೆ ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳದವರೆಗೆ ತಡೆಯುತ್ತದೆ.

ಇನ್ನು ಬೆಳಕು. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನೂ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೇ ಅಂಡರ್‌ವಾಟರ್ ಮೋಡ್ ಹಾಕಿ, ಇಲ್ಲವೇ ಬಿಳಿ ಸ್ಲೇಟ್ ತೋರಿಸಿ ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲನ) ಹೊಂದಿಸಿ. ಝೂಮ್ ಮಾಡಬೇಡಿ, ಹತ್ತಿರ ಹೋಗಿ. ಒಂದು ಮೀಟರ್ ಒಳಗೆ ಇದ್ದಷ್ಟೂ ಚಿತ್ರ ಸ್ಪಷ್ಟ. ಕ್ಯಾಮೆರಾದ ಫ್ಲ್ಯಾಶ್ ಆಫ್ ಇರಲಿ, ಇಲ್ಲದಿದ್ದರೆ ನೀರಲ್ಲಿ ತೇಲುವ ಧೂಳೆಲ್ಲ ಹಿಮದ ಚುಕ್ಕಿಗಳಂತೆ ಹೊಳೆಯುತ್ತದೆ.

ನಮ್ಮ ಕಡಲು ಮಳೆಗಾಲದಲ್ಲಿ ಪೂರ್ತಿ ಕೆಂಪುನೀರು, ಒರಟು, ಆಗ ಇಳಿಯಲೇಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಈಜುಕೊಳದಲ್ಲಿ ಕೈ ಪಳಗಿಸಿಕೊಂಡ ಮೇಲೆ, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತರಬೇತುದಾರರ ಜೊತೆ ಹೋಗಿ. ಹವಳಕ್ಕೆ ಮಾತ್ರ ದಯವಿಟ್ಟು ಕೈ ಹಚ್ಚಬೇಡಿ. ಬಂದ ಕೂಡಲೇ ಮುಚ್ಚಿದ ಹೌಸಿಂಗನ್ನು, ಇಲ್ಲವೇ ಜಲನಿರೋಧಕ ಕ್ಯಾಮೆರಾವನ್ನು ಸಿಹಿನೀರಲ್ಲಿ ನೆನೆಸಿಡಿ, ಉಪ್ಪು ಒಣಗಿದರೆ ಗುಂಡಿಗಳು ಹಿಡಿದುಕೊಳ್ಳುತ್ತವೆ.