ನವಜಾತ ಶಿಶುಗಳಿಗಾಗಿ ಒಂದು ಯೂನಿಟ್ ರಕ್ತವನ್ನು ಭಾಗ ಮಾಡಿದಾಗ ಪ್ರತಿ ಚೀಲಕ್ಕೂ ಲೇಬಲ್ ಹೇಗೆ ಹಾಕಬೇಕು?
ಮೂಲ ಯೂನಿಟ್ಟಿನ ನಂಬರನ್ನು ಒಂದಂಕಿಯೂ ಬಿಡದೆ ಬರೆದು, ಕೊನೆಗೆ ಎ, ಬಿ, ಸಿ ಸೇರಿಸಿ. ಜೊತೆಗೆ ರಕ್ತದ ಗುಂಪು, ಘಟಕದ (ಕೆಂಪುಕಣ, ಪ್ಲಾಸ್ಮಾದಂಥ ರಕ್ತದ ಭಾಗದ) ಹೆಸರು, ಆ ಚೀಲದಲ್ಲಿರುವ ಮಿ.ಲೀ., ಭಾಗ ಮಾಡಿದ ದಿನ ಮತ್ತು ಗಂಟೆ, ಅವಧಿ ಮುಗಿಯುವ ಗಂಟೆ. ಎಡವಟ್ಟಾಗುವುದು ಈ ಕೊನೆಯದರಲ್ಲೇ. ಮೊದಲೇ ಜೋಡಿಸಿರುವ ಉಪಚೀಲಕ್ಕೆ ಇಳಿಸಿ ಸೀಲ್ ಮಾಡಿದ್ದರೆ ಕೆಂಪುಕಣಗಳಿಗೆ ಮೂಲ ಅವಧಿಯೇ ಉಳಿಯುತ್ತದೆ. ಸೂಜಿ ಚುಚ್ಚಿ ತೆಗೆದಿದ್ದರೆ ಫ್ರಿಜ್ಜಿನಲ್ಲಿಟ್ಟರೂ 24 ಗಂಟೆಯಷ್ಟೇ. ಮೂಲ ಚೀಲದಲ್ಲಿ ಉಳಿದದ್ದಕ್ಕೂ ಅದೇ ಲೆಕ್ಕ, ಅದರ ಲೇಬಲ್ಲನ್ನೂ ತಿದ್ದಿ.

ಹೆಸರಿಡದ ಕೂಸಿಗೆ ‘ಲಕ್ಷ್ಮಿಯ ಮಗು’ ಎಂದರೆ ಸಾಲದು. ಮಗುವಿನದೇ ಐಪಿ (ಒಳರೋಗಿ) ನಂಬರ್ ಬೇಕು, ಅವಳಿಯಾದರೆ 1, 2 ಎಂದೂ ಬರೆಯಿರಿ. ಸಿರಿಂಜಿಗೆ ತುಂಬಿದ್ದರೆ ಅದರ ಅಳತೆಗೆರೆಗಳನ್ನು ಲೇಬಲ್ಲಿನಿಂದ ಮುಚ್ಚಬೇಡಿ. ಫ್ರಿಜ್ಜಿನಿಂದ ತೆಗೆದ ಚೀಲ ಬೆವರುತ್ತದೆ, ಜೆಲ್ ಪೆನ್ನಿನ ಶಾಯಿ ಹರಡಿ 3 ಎಂಬುದು 8 ಆಗಿ ಕಾಣುತ್ತದೆ. ಒಂದನ್ನು ತುಂಬಿ, ಲೇಬಲ್ ಅಂಟಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ.