ಐದು ನಿಮಿಷಕ್ಕೇ ರಾಜ ಮಾಯ!

ಪ್ರಶ್ನೆ: ನಾನು, ನನ್ನ ಗೆಳೆಯ ಯೂಟ್ಯೂಬ್ ಲೈವ್‌ನಲ್ಲಿ ಯು-ಗಿ-ಓ ಕಾರ್ಡ್ ಆಟ ಆಡುತ್ತೇವೆ. ನಾನು ಸೊಕ್ಕಿನ ರಾಜ, ಅವನು ಪುಕ್ಕಲು ಮಾಂತ್ರಿಕ. ಮೊದಲ ಐದು ನಿಮಿಷ ಎಲ್ಲರೂ ನಗುತ್ತಾರೆ, ಆಮೇಲೆ ಜಾಗ ಖಾಲಿ ಮಾಡುತ್ತಾರೆ. ಯಾಕೆ?
– ಒಬ್ಬ ಓದುಗ, ಹಾಸನ

ಉತ್ತರ: ಆಟ ನಿಮಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ, ಅಷ್ಟೇ. ಈಗಿನ ಯು-ಗಿ-ಓದಲ್ಲಿ ಒಬ್ಬನ ಸರದಿಯೇ ಎಷ್ಟೋ ಹೊತ್ತು ಎಳೆಯುತ್ತದೆ, ಒಂದು ಕಾರ್ಡು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು, ಅಷ್ಟರಲ್ಲಿ ರಾಜ ಕಳೆದುಹೋಗಿ ನಿಯಮ ಓದುವ ಗುಮಾಸ್ತ ಉಳಿದಿರುತ್ತಾನೆ. ಹಳೆಯ, ಸರಳ ಕಾರ್ಡುಗಳ ಡೆಕ್ ಕಟ್ಟಿ. ಕನಿಷ್ಠ ಮಿತಿ 40, ಅಷ್ಟೇ ಸಾಕು. ಇಬ್ಬರ 8000 ಲೈಫ್ ಪಾಯಿಂಟ್ (ಸೊನ್ನೆಗಿಳಿದರೆ ಸೋಲು) ಪರದೆಯ ಮೇಲೆ ದೊಡ್ಡದಾಗಿ ಕಾಣಲಿ, ಆಟ ತಿಳಿಯದವರಿಗೂ ಯಾರು ಸಾಯ್ತಿದ್ದಾರೆ ಅಂತ ಗೊತ್ತಾಗುತ್ತೆ.

ತಾಳಮದ್ದಳೆ ನೋಡಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಕೌರವ, ಕೃಷ್ಣ ಆಗುತ್ತಾರೆ. ಕತೆ ಎಲ್ಲರಿಗೂ ಗೊತ್ತು, ಆದರೂ ಎದುರಿನವನ ಮಾತಿಗೆ ಇವನು ಏನು ಹೇಳ್ತಾನೆ ಅಂತ ಜನ ಕಾಯುತ್ತಾರೆ. ನೀವೂ ಒಬ್ಬರಿಗೊಬ್ಬರು ಉತ್ತರ ಕೊಡಿ, ಸುಮ್ನೆ ಇಬ್ಬರೂ ಬೇರೆ ಬೇರೆ ಭಾಷಣ ಬಿಗಿಯಬೇಡಿ. ಮಾಂತ್ರಿಕ ಟ್ರ್ಯಾಪ್ ಕಾರ್ಡನ್ನು, ಅಂದರೆ ಎದುರಾಳಿಗೆ ಒಡ್ಡುವ ಬಲೆಯನ್ನು, ಕವುಚಿಟ್ಟಾಗ ಅವನ ಕೈ ಯಾಕೆ ನಡುಗಿತು ಅಂತ ರಾಜ ಕೇಳಲಿ, ಹೆದರಿದ್ದೋ ನಾಟಕವೋ ಗೊತ್ತಾಗದೆ ದಾಳಿ ಮಾಡಿ ಸಿಕ್ಕಿಬೀಳಲಿ. ಸೊಕ್ಕಿನವನು ಬೀಳುವುದನ್ನು ನೋಡುವ ಮಜಾನೇ ಬೇರೆ, ಅಲ್ವಾ?

ಹಾಂ, ಮೈಕನ್ನು ಮೇಜಿನ ಮೇಲೆ ಇಡಬೇಡಿ. ರಾಜ ಕಾರ್ಡು ಕುಟ್ಟಿದಾಗಲೆಲ್ಲ ನಮ್ಮ ಕಿವಿ ಹೋಗುತ್ತದೆ.