ಅನ್ನ ಬಿಟ್ಟೆ, ಮುದ್ದೆ ಹಿಡಿದೆ, ತೂಕ ಮಾತ್ರ ಅಲ್ಲೇ ಇದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಎತ್ತರ 155 ಸೆಂ.ಮೀ., ತೂಕ 71 ಕೆ.ಜಿ. ತೂಕ ಇಳಿಸಬೇಕು ಅಂತ ಅನ್ನದ ಊಟ ಬಿಟ್ಟು ಎರಡೂ ಹೊತ್ತು ಮುದ್ದೆ ಶುರು ಮಾಡಿದೆ. ಬೆಳಿಗ್ಗೆ ಅಕ್ಕಪಕ್ಕದವರ ಜೊತೆ ಪಾರ್ಕಿನಲ್ಲಿ 40 ನಿಮಿಷ ವಾಕಿಂಗ್ ಮಾಡುತ್ತೇನೆ. ಟೀಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತೇನೆ, ದಿನಕ್ಕೆ ನಾಲ್ಕು ಲೋಟ ಆಗುತ್ತದೆ. ಆರು ತಿಂಗಳಾಯ್ತು, ಒಂದು ಕೆ.ಜಿ.ಯೂ ಇಳಿದಿಲ್ಲ. ಥೈರಾಯ್ಡ್ ಇರಬಹುದಾ? ಮನೆಯಲ್ಲಿ ನಾವು ನಾಲ್ಕು ಜನ, ಅಡುಗೆ ನನ್ನದೇ.
– ಗೃಹಿಣಿ, ತುಮಕೂರು

ಉತ್ತರ: ಥೈರಾಯ್ಡ್ ಪರೀಕ್ಷೆ ಒಮ್ಮೆ ಮಾಡಿಸಿಬಿಡಿ. ರಕ್ತದಲ್ಲಿ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಎಷ್ಟಿದೆ ನೋಡುತ್ತಾರೆ, ಅನುಮಾನ ತೀರುತ್ತದೆ. ಆದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆ.ಜಿ. ಮಿಕ್ಕಿದ್ದಕ್ಕೆ ಲೆಕ್ಕ ಅಡುಗೆಮನೆಯಲ್ಲೇ ಸಿಗುತ್ತದೆ, ಬನ್ನಿ ನೋಡೋಣ.

ಮೊದಲು ಮುದ್ದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ಅಷ್ಟೇ ವ್ಯತ್ಯಾಸ. ರಾಗಿ ಒಳ್ಳೆಯದು ಅನ್ನುವುದರಲ್ಲಿ ಎರಡು ಮಾತಿಲ್ಲ, ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ 100 ಗ್ರಾಂಗೆ 340 ಮಿಲಿಗ್ರಾಂ ಮೇಲಿದೆ, ಅಕ್ಕಿಯಲ್ಲಿ ಅದು ಹೆಸರಿಗೆ ಮಾತ್ರ. ಹೊಟ್ಟೆ ತುಂಬಿದ ಹಾಗೆ ಜಾಸ್ತಿ ಹೊತ್ತು ಅನಿಸುತ್ತದೆ. ಆದರೆ ಅದು ಕೊಬ್ಬು ಕರಗಿಸುವ ಮದ್ದಲ್ಲ. ಇನ್ನೊಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಮುದ್ದೆ ಮುಗಿದ ಮೇಲೆ ಸಾರಿಗೆ ಒಂದು ಹಿಡಿ, ಮಜ್ಜಿಗೆಗೆ ಒಂದು ಹಿಡಿ ಅಂತ ಅನ್ನ ಬಡಿಸಿಕೊಳ್ಳುತ್ತೀರಾ? ನಮ್ಮ ಕಡೆ ಮುದ್ದೆ ತಿನ್ನುವ ಮನೆಗಳಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ, ಕೇಳಿದರೆ 'ಅನ್ನ ಬಿಟ್ಟಿದ್ದೀನಿ' ಅನ್ನುತ್ತಾರೆ. ನೀವು 'ಅನ್ನದ ಊಟ ಬಿಟ್ಟೆ' ಅಂತ ಬರೆದಿದ್ದು ನೋಡಿ ಅನುಮಾನ ಬಂತು.

ಮುದ್ದೆಯನ್ನು ಈಗಿನ ಮುಕ್ಕಾಲು ಗಾತ್ರಕ್ಕೆ ಇಳಿಸಿ. ಹಿಂದೆ ಅನ್ನ ಬೇಡ. ಬದಲಿಗೆ ಬಸ್ಸಾರಿಗೆ ಸೊಪ್ಪು ಬಸಿದಾಗ ಬರುವ ಪಲ್ಯವನ್ನು ಎರಡು ಸೌಟು ಹಾಕಿಕೊಳ್ಳಿ. ಉಪ್ಪಿನಕಾಯಿ ಥರ ತಟ್ಟೆಯ ಮೂಲೆಗೆ ಒಂದು ಚಿಟಿಕೆ ಅಲ್ಲ, ಎರಡು ಸೌಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ತಟ್ಟೆಯಲ್ಲಿ ತರಕಾರಿ, ಸೊಪ್ಪು, ಹಣ್ಣಿನದೇ ಅರ್ಧ ಪಾಲು. ನಮ್ಮ ತಟ್ಟೆಯಲ್ಲಿ ಅದು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಕಾಳಿನ ಸಾರಾದರೆ ಕಾಳು ಜಾಸ್ತಿ, ನೀರು ಕಡಿಮೆ. ಹುರುಳಿ, ಅವರೆ, ಹೆಸರು, ಅಲಸಂದೆ ಯಾವುದಾದರೂ ಸರಿ.

ಬೆಲ್ಲದ ವಿಷಯ. ಸುಮ್ನೆ ಸಮಾಧಾನಕ್ಕೆ ಅಷ್ಟೆ. ಲೋಟಕ್ಕೆ ಎರಡು ಚಮಚ ಅಂದರೆ ನಾಲ್ಕು ಲೋಟಕ್ಕೆ ಎಂಟು ಚಮಚ, ಸುಮಾರು 40 ಗ್ರಾಂ, ಹೆಚ್ಚುಕಡಿಮೆ 150 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಇನ್ನು ನೀವು 40 ನಿಮಿಷ ವಾಕಿಂಗ್ ಮಾಡಿದರೆ ಖರ್ಚಾಗುವುದೂ 150ರ ಆಸುಪಾಸೇ! ಬೆಳಿಗ್ಗೆ ನಡೆದದ್ದು ಸಂಜೆಯೊಳಗೆ ಟೀ ಲೋಟದಲ್ಲಿ ವಾಪಸ್ ಬಂತು. ವಾಕಿಂಗ್ ಮುಗಿಸಿ ಭಾನುವಾರ ಎಲ್ಲರೂ ಸೇರಿ ತಟ್ಟೆ ಇಡ್ಲಿ, ಬೆಣ್ಣೆ, ವಡೆ ಅಂತ ಹೋಗುವ ಅಭ್ಯಾಸ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಬಿಡಿ ಅನ್ನುತ್ತಿಲ್ಲ, ತಟ್ಟೆ ಇಡ್ಲಿ ಬಿಟ್ಟು ತುಮಕೂರಲ್ಲಿ ಹೇಗೆ ಇರುವುದು! ಬೆಣ್ಣೆ, ವಡೆ ಬಿಟ್ಟು ಇಡ್ಲಿ ತಿನ್ನಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಎಣ್ಣೆ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅದು ತಟ್ಟೆಯಲ್ಲಿ ಕಾಣುವುದಿಲ್ಲ. ಮುಂದಿನ ಸಲ ಎಣ್ಣೆ ಕ್ಯಾನ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ ಹತ್ತಿರ ಬರುತ್ತದೆ. ಎಣ್ಣೆಗೆ ಗ್ರಾಂಗೆ 9 ಕ್ಯಾಲೊರಿ, ಅಂದರೆ 340. ತುಪ್ಪ, ಬೆಣ್ಣೆ, ತೆಂಗಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಮನೆಗೆ 3 ಲೀಟರ್ ಸಾಕು ಮಾಡಿಕೊಂಡರೆ ಪ್ರತಿಯೊಬ್ಬರಿಗೂ ದಿನಕ್ಕೆ 130 ಕ್ಯಾಲೊರಿ ಮೇಲೆ ಉಳಿಯುತ್ತದೆ, ಯಾರೂ ಹಸಿದುಕೊಂಡಿರಬೇಕಾಗಿಲ್ಲ. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಹಾಕಿ. ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತ್ ವಾರಕ್ಕೆ ಎಷ್ಟು ಸಲ ತಿಂಡಿಗೆ ಬರುತ್ತವೆ ನೋಡಿ. ಬೆಳಿಗ್ಗೆ ಕೆಲಸ ಬೇಗ ಮುಗಿಯುತ್ತದೆ ಅಂತ ನಾವು ಮಾಡುವ ತಿಂಡಿಗಳೆಲ್ಲ ಎಣ್ಣೆ ಮತ್ತು ಅನ್ನದ್ದೇ, ಅಲ್ವಾ?

ಇನ್ನು, ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ನಿನ್ನೆಯ ಎರಡು ಚಪಾತಿ, 'ಚೆಲ್ಲೋದು ಹೇಗೆ' ಅಂತ ಬಾಯಿಗೆ ಹಾಕಿಕೊಂಡದ್ದು. ಮನೆಯ ಹೆಂಗಸಿಗೆ ಇದು ದಿನಾ ಇದ್ದದ್ದೇ. ಮಾಡುವುದನ್ನೇ ಕಡಿಮೆ ಮಾಡಿ, ಉಳಿದರೆ ಫ್ರಿಜ್ಜಿಗೆ. ನೀವೇ ಯಾಕೆ ಮುಗಿಸಬೇಕು, ಮನೆಯಲ್ಲಿ ಇನ್ನೂ ಮೂರು ಜನ ಇದ್ದಾರಲ್ಲ?

ನಡಿಗೆ ಬಿಡಬೇಡಿ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಆ ವೇಗ ಸಾಕು. ಪಾರ್ಕಿನಲ್ಲಿ ಸೊಸೆ ವಿಷಯ, ಸೀರೆ ವಿಷಯ ಮಾತಾಡುತ್ತ ನಡೆಯುವುದು ಮನಸ್ಸಿಗೆ ಒಳ್ಳೆಯದು, ಎದೆಬಡಿತ ಮಾತ್ರ ಏರುವುದಿಲ್ಲ. ವಾರಕ್ಕೆ ಎರಡು ದಿನ ಬಸ್ಕಿ ಸೇರಿಸಿ, ಕುರ್ಚಿ ಹಿಡಿದುಕೊಂಡೇ ಮಾಡಿ. ನಲವತ್ತರ ಮೇಲೆ ಮಾಂಸಖಂಡ ಸವೆಯುತ್ತ ಹೋಗುತ್ತದೆ, ಬರೀ ನಡಿಗೆ ಅದನ್ನು ಉಳಿಸುವುದಿಲ್ಲ.

ಗುರಿ 55 ಕೆ.ಜಿ. ಅಂತ ಇಟ್ಟುಕೊಳ್ಳಬೇಡಿ. ಮೊದಲು ಮೂರೂವರೆ ಕೆ.ಜಿ. ಇಳಿಯಲಿ, ಅದು ನಿಮ್ಮ ತೂಕದ ಶೇ 5. ಅಷ್ಟಕ್ಕೇ ಬಿಪಿ, ಶುಗರ್ ಸುಧಾರಿಸುವುದು ಕಾಣುತ್ತದೆ. ಎರಡು ಮೂರು ತಿಂಗಳು ಕೊಡಿ. ಸೊಂಟಕ್ಕೆ ಟೇಪು ಹಿಡಿದು ಅಳತೆ ಬರೆದಿಡಿ, ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ ಕುಡಿದರೆ ಹೊಟ್ಟೆ ಕರಗುತ್ತದೆಯೇ?
– ಓದುಗರು, ಹಾಸನ

ಉತ್ತರ: ಇಲ್ಲ. ಕುಡಿಯಬೇಕು ಅನಿಸಿದರೆ ಜೇನು ಬಿಟ್ಟು ಕುಡಿಯಿರಿ. ದೊಡ್ಡ ಚಮಚ ಜೇನಿಗೆ 60 ಕ್ಯಾಲೊರಿ ಇದೆ.

ಪ್ರಶ್ನೆ: ಏಕಾದಶಿ, ಸಂಕಷ್ಟಿ ಅಲ್ಲದೆ ಪ್ರತಿ ಸೋಮವಾರ, ಶನಿವಾರ ಒಪ್ಪತ್ತು ಮಾಡುತ್ತೇನೆ. ರಾತ್ರಿ ಫಲಾಹಾರ ಮಾತ್ರ. ಆದರೂ ಇಷ್ಟು ವರ್ಷದಲ್ಲಿ ತೂಕ ಏರಿದೆಯೇ ಹೊರತು ಇಳಿದಿಲ್ಲ. ಉಪವಾಸಕ್ಕೂ ತೂಕಕ್ಕೂ ಸಂಬಂಧ ಇಲ್ಲವೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಫಲಾಹಾರದಲ್ಲಿ ಹಣ್ಣು ಎಷ್ಟಿತ್ತು ಟೀಚರ್? ಉಪ್ಪಿಟ್ಟು, ಮೊಸರವಲಕ್ಕಿ, ಸಬ್ಬಕ್ಕಿ ವಡೆ, ಜೊತೆಗೆ ಎರಡು ಬಾಳೆಹಣ್ಣು, ಮಲಗುವಾಗ ಸಕ್ಕರೆ ಹಾಕಿದ ಹಾಲು ಇದ್ದರೆ ಅದು ಮಾಮೂಲಿ ರಾತ್ರಿ ಊಟಕ್ಕಿಂತ ಜಾಸ್ತಿಯೇ ಆಯ್ತು. ಸಬ್ಬಕ್ಕಿಯಲ್ಲಿ ಪಿಷ್ಟ ಬಿಟ್ಟು ಬೇರೇನೂ ಇಲ್ಲ, ಅದನ್ನು ಎಣ್ಣೆಯಲ್ಲಿ ಕರಿದರೆ ಕೇಳುವುದೇ ಬೇಡ. ಅವಲಕ್ಕಿ ಅಂದರೂ ಅಕ್ಕಿಯೇ.

ದೇವರಿಗೆ ಅಂತ ಮಾಡುವ ವ್ರತ ಮಾಡಿ, ಅದರ ಬಗ್ಗೆ ನಾನು ಹೇಳುವುದೇನಿಲ್ಲ. ತೂಕದ ಲೆಕ್ಕಕ್ಕೂ ಅದು ಬರಬೇಕಾದರೆ ರಾತ್ರಿ ಒಂದು ಬಟ್ಟಲು ಪರಂಗಿ ಅಥವಾ ಸೀಬೆ, ಒಂದು ಲೋಟ ನೀರು ಮಜ್ಜಿಗೆ, ನಿಮ್ಮ ಮಡಿಗೆ ಅಡ್ಡಿ ಇಲ್ಲದಿದ್ದರೆ ಹೆಸರುಬೇಳೆ ಕೋಸಂಬರಿ. ಮಾರನೇ ದಿನ 'ನಿನ್ನೆ ಉಪವಾಸ ಇತ್ತಲ್ಲ' ಅಂತ ತಿಂಡಿಗೆ ಎರಡು ದೋಸೆ ಜಾಸ್ತಿ ಆಗದಿರಲಿ. ಬಿಪಿ ಅಥವಾ ಶುಗರ್ ಮಾತ್ರೆ ಇದ್ದರೆ ಡಾಕ್ಟರಿಗೆ ಒಪ್ಪತ್ತಿನ ವಿಷಯ ಹೇಳಿ.

ಪ್ರಶ್ನೆ: ವಯಸ್ಸು 28, ತೂಕ 86. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಪಿಜಿಯಲ್ಲಿದ್ದೇನೆ, ಅಡುಗೆಗೆ ಜಾಗ ಇಲ್ಲ. ಕೆಲಸ ಮುಗಿಯುವುದು ರಾತ್ರಿ 10ಕ್ಕೆ. ಬೆಳಿಗ್ಗೆ ತಿಂಡಿ ಬಿಟ್ಟಿದ್ದೇನೆ, ರಾತ್ರಿ ಆರ್ಡರ್ ಮಾಡಿ ತಿನ್ನುತ್ತೇನೆ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎರಡು ವಾರ ಹೋದೆ. ಪ್ರೋಟೀನ್ ಪೌಡರ್ ತಗೊಳ್ಳಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪೌಡರ್ ಆಮೇಲೆ. ನಿಮ್ಮ ತೊಂದರೆ ರಾತ್ರಿ ಹನ್ನೊಂದು ಗಂಟೆಯದು. ಹಗಲೆಲ್ಲ ಹಸಿವು ಒತ್ತಿಟ್ಟು ಆ ಹೊತ್ತಿಗೆ ಫೋನ್ ಕೈಗೆತ್ತಿಕೊಂಡರೆ ಯಾರೂ ಸೌತೆಕಾಯಿ ಆರ್ಡರ್ ಮಾಡುವುದಿಲ್ಲ, ಬಿರಿಯಾನಿಯೇ ಬರುವುದು, ಜೊತೆಗೆ ಡೆಲಿವರಿ ಚಾರ್ಜ್ ಉಳಿಯುತ್ತೆ ಅಂತ ಇನ್ನೊಂದು ಐಟಂ. ಹಾಗಾಗಿ ಸಂಜೆ 7ಕ್ಕೆ ಆಫೀಸಿನಲ್ಲೇ ಏನಾದರೂ ಗಟ್ಟಿಯಾಗಿ ತಿನ್ನಿ. ಎರಡು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹುರಿಗಡಲೆ, ಒಂದು ಹಣ್ಣು. ಒಂದು ಹಿಡಿ ಅಂದರೆ ನಿಮ್ಮ ಹಿಡಿ, ಪ್ಯಾಕೆಟ್ ಅಲ್ಲ. ಆಮೇಲೆ ರಾತ್ರಿ ಪಿಜಿ ಊಟವೇ ಸಾಕಾಗುತ್ತದೆ, ಅರ್ಧ ಅನ್ನ, ಸಾಂಬಾರ್, ಮೊಸರು.

ಒಲೆ ಬೇಡದ ಅಡುಗೆಯೂ ಇದೆ. ರಾತ್ರಿ ಹೆಸರುಬೇಳೆ ನೆನೆಹಾಕಿದರೆ ಬೆಳಿಗ್ಗೆ ಕ್ಯಾರೆಟ್, ಸೌತೆಕಾಯಿ, ನಿಂಬೆರಸ ಹಾಕಿ ಕೋಸಂಬರಿ, ಬೇಕಾಗುವುದು ಒಂದು ಡಬ್ಬಿ, ಒಂದು ಚಾಕು. ದರ್ಶಿನಿಗೆ ಹೋದರೆ ಇಡ್ಲಿ ಸಾಂಬಾರ್, ಬೈಟು ಕಾಫಿ. ಚೌಚೌಬಾತ್ ತಿಂಗಳಿಗೊಮ್ಮೆ ಇಟ್ಟುಕೊಳ್ಳಿ.

ಪ್ರೋಟೀನ್ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ, ನಿಮಗೆ 70 ಗ್ರಾಂ ಹತ್ತಿರ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಬೇಳೆ, ಮೊಸರು, ಮೊಟ್ಟೆ, ಚಿಕನ್‌ನಲ್ಲಿ ಇಷ್ಟು ತಲುಪಬಹುದು. ಪೌಡರ್ ಕುಡಿದು ಕುರ್ಚಿಯಲ್ಲಿ ಕೂತರೆ ಅದೂ ಕ್ಯಾಲೊರಿಯೇ. ಶನಿವಾರದ ಬಿಯರ್ ಬಗ್ಗೆ ನೀವು ಬರೆದಿಲ್ಲ, ನಾನೇ ಹೇಳುತ್ತೇನೆ: 650 ಎಂಎಲ್ ಬಾಟಲಿಗೆ 250ರಿಂದ 300 ಕ್ಯಾಲೊರಿ, ಪಕ್ಕದ ಪ್ಲೇಟಿನಲ್ಲಿ ಬರುವ ಕರಿದದ್ದು ಬೇರೆ.

ಜಿಮ್ಮಿಗೆ ರಾತ್ರಿ 10ರ ಮೇಲೆ ಹೋಗುತ್ತೇನೆ ಅನ್ನುವ ಪ್ಲಾನ್ ನಡೆಯಲ್ಲ. ಬೆಳಿಗ್ಗೆ ರೂಮಿನಲ್ಲೇ ಹದಿನೈದು ನಿಮಿಷ ದಂಡ, ಬಸ್ಕಿ. ಮೈಸೂರಿನ ಗರಡಿ ಪೈಲ್ವಾನರ ಸಾಮು ಕೂಡ ಇದೇ ತಾನೆ, ನಿಮಗೆ ಸಾಲದೇ! ಆಫೀಸಿಗೆ ಒಂದು ಸ್ಟಾಪ್ ಹಿಂದೆ ಇಳಿದು ನಡೆಯಿರಿ. ಹೇಗೂ ಆ ಟ್ರಾಫಿಕ್ಕಿನಲ್ಲಿ ನಡೆದವರೇ ಮೊದಲು ತಲುಪುವುದು.

ಪ್ರಶ್ನೆ: 58 ವರ್ಷ, 84 ಕೆ.ಜಿ. ಶುಗರ್ ಇದೆ, ಗ್ಲಿಮೆಪಿರೈಡ್ ಇರುವ ಮಾತ್ರೆ ತಗೊಳ್ಳುತ್ತೇನೆ. ಮೊಣಕಾಲು ನೋವಿನಿಂದ ವಾಕಿಂಗ್ ಆಗದು. ರಾತ್ರಿ ಊಟ ಪೂರ್ತಿ ಬಿಡಬೇಕೆಂದಿದ್ದೇನೆ. ನಮ್ಮಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ಊಟ.
– ವ್ಯಾಪಾರಿ, ವಿಜಯಪುರ

ಉತ್ತರ: ಊಟ ಬಿಡುವ ಮೊದಲು ಡಾಕ್ಟರ ಹತ್ತಿರ ಹೋಗಿ, ಇದು ಔಪಚಾರಿಕ ಮಾತಲ್ಲ. ಈ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಶುಗರ್ ಪಟ್ಟನೆ ಕುಸಿಯಬಹುದು. ಬೆವರು, ಕೈ ನಡುಕ, ತಲೆಸುತ್ತು ಬರುತ್ತದೆ, ಕೆಲವರು ಎಚ್ಚರ ತಪ್ಪುತ್ತಾರೆ. ಊಟ ಕಡಿಮೆಯಾದ ಹಾಗೆ ಮಾತ್ರೆಯೂ ಬದಲಾಗಬೇಕಾಗಬಹುದು, ಅದನ್ನು ಅವರೇ ಹೇಳಬೇಕು.

ನಿಮ್ಮ ಊಟ ಚೆನ್ನಾಗಿಯೇ ಇದೆ. ಎಣ್ಣೆ ಹಚ್ಚದ ರೊಟ್ಟಿ, ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಹಕ್ಕರಕಿ, ಇದಕ್ಕಿಂತ ಏನು ಬೇಕು? ತಗ್ಗಿಸಬೇಕಾದದ್ದು ಶೇಂಗಾ ಹಿಂಡಿಯ ಮಧ್ಯೆ ಗುಂಡಿ ಮಾಡಿ ಸುರಿಯುವ ಎಣ್ಣೆ. 100 ಗ್ರಾಂ ಶೇಂಗಾದಲ್ಲೇ 560ರಷ್ಟು ಕ್ಯಾಲೊರಿ ಇದೆ, ಅದರ ಮೇಲೆ ಮತ್ತೆ ಎಣ್ಣೆ ಯಾಕೆ? ಮೊಸರಲ್ಲಿ ಕಲಸಿ. ಎಣ್ಣೆಗಾಯಿ ಬದನೆ ಹಬ್ಬಕ್ಕೆ ಇರಲಿ. ರೊಟ್ಟಿ ಮೂರಿದ್ದರೆ ಎರಡು ಮಾಡಿ.

ಮೊಣಕಾಲಿಗೆ ಒಂದು ಒಳ್ಳೆಯ ಸುದ್ದಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. ಅಂಗಡಿಯಲ್ಲೇ ಕೂತು ಮಾಡುವ ವ್ಯಾಯಾಮ ಇದು: ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ ಹತ್ತು ಎಣಿಸಿ, ಇಳಿಸಿ, ಆಮೇಲೆ ಇನ್ನೊಂದು ಕಾಲು. ಗಿರಾಕಿ ಇಲ್ಲದ ಹೊತ್ತಲ್ಲಿ ಮಾಡಿ. ತೊಡೆಯ ಸ್ನಾಯು ಗಟ್ಟಿಯಾದ ಮೇಲೆ ಹತ್ತು ಹತ್ತು ನಿಮಿಷದ ನಡಿಗೆ ಶುರು ಮಾಡಬಹುದು. ಊಟವಾದ ಮೇಲಿನ ಹತ್ತು ನಿಮಿಷ ಶುಗರಿಗೂ ಒಳ್ಳೆಯದು.

ಪ್ರಶ್ನೆ: ಮಗಳಿಗೆ 15. ದಪ್ಪ ಆಗುತ್ತಿದ್ದಾಳೆ. ನೆಂಟರೆಲ್ಲ ಹೇಳುತ್ತಾರೆ. ನಾನು ಏನು ಹೇಳಿದರೂ ಸಿಟ್ಟು, ಬಾಗಿಲು ಹಾಕಿಕೊಳ್ಳುತ್ತಾಳೆ. ಡಯಟ್ ಚಾರ್ಟ್ ಕಳಿಸಿ.
– ತಾಯಿ, ಉಡುಪಿ

ಉತ್ತರ: ಚಾರ್ಟ್ ಕಳಿಸುವುದಿಲ್ಲ. ಬೆಳೆಯುವ ಹುಡುಗಿಯನ್ನು ಹಸಿವಿನಲ್ಲಿಡಬಾರದು. ನೆಂಟರ ಬಾಯಿ ಮುಚ್ಚಿಸುವುದು ನಿಮ್ಮ ಕೆಲಸ, ಅವಳ ಎದುರೇ ಮುಚ್ಚಿಸಿ. ಅವಳ ತೂಕದ ಬಗ್ಗೆ ನೀವೂ ಮಾತು ನಿಲ್ಲಿಸಿ.

ಬದಲಾಗಬೇಕಾದದ್ದು ಇಡೀ ಮನೆಯ ಊಟ. ಅವಳಿಗೆ ಸೌತೆಕಾಯಿ, ತಮ್ಮನಿಗೆ ಗೋಳಿಬಜೆ ಅಂದರೆ ಸಿಟ್ಟು ಬರದೆ ಇರುತ್ತದೆಯೇ? ಬನ್ಸ್, ಚಿಪ್ಸ್ ಪ್ಯಾಕೆಟ್, ಜ್ಯೂಸ್ ಬಾಟಲಿ ಮನೆಗೆ ತರುವುದನ್ನು ಕಡಿಮೆ ಮಾಡಿ, ಡಬ್ಬಿಯಲ್ಲಿ ಇಲ್ಲದ್ದನ್ನು ಯಾರೂ ತಿನ್ನುವುದಿಲ್ಲ. ಕುಚ್ಚಲಕ್ಕಿ ಗಂಜಿ, ಮೀನು ಸಾರು, ಬಸಳೆ, ಹೆಸರುಕಾಳು ಎಲ್ಲರಿಗೂ ಇರಲಿ. ಹತ್ತನೇ ಕ್ಲಾಸು ಅಂತ ಆಟ ನಿಲ್ಲಿಸಿದ್ದೀರಾ? ಟ್ಯೂಷನ್ ಒಂದನ್ನು ಬಿಡಿಸಿ ಬ್ಯಾಡ್ಮಿಂಟನ್ನಿಗೋ ಈಜಿಗೋ ಯಕ್ಷಗಾನದ ತರಗತಿಗೋ ಅವಳೇ ಆರಿಸಿದ್ದಕ್ಕೆ ಕಳಿಸಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಮುಖದಲ್ಲಿ ಕೂದಲು, ಮೊಡವೆ ಜಾಸ್ತಿ ಇದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ, ಅದು ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನ ತೊಂದರೆ ಇರಬಹುದು.

ಪ್ರಶ್ನೆ: ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತೆ. ಮದುವೆಗೆ ಮೂರು ತಿಂಗಳಿದೆ, 8 ಕೆ.ಜಿ. ಇಳಿಯಬೇಕು.
– ಹುಬ್ಬಳ್ಳಿ

ಉತ್ತರ: ಮೌಂಜಾರೊ, ವೆಗೋವಿ 2025ರಲ್ಲಿ ಇಲ್ಲಿಗೂ ಬಂದವು. ವಾರಕ್ಕೊಂದು ಚುಚ್ಚುಮದ್ದು, ಹಸಿವು ಕಡಿಮೆ ಮಾಡುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಅವು ಬೊಜ್ಜಿನ ಕಾಯಿಲೆಗೆ ಡಾಕ್ಟರ್ ಬರೆದುಕೊಡುವ ಔಷಧ, ಮದುವೆ ಫೋಟೋಕ್ಕಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಇಳಿದ ತೂಕದ ಬಹುಪಾಲು ವಾಪಸ್ ಬರುತ್ತದೆ. ನೀವು ಹೆಣ್ಣಾಗಿದ್ದು, ಮದುವೆಯಾದ ಕೂಡಲೇ ಮಗು ಬೇಕು ಅಂದುಕೊಂಡಿದ್ದರೆ ಇದರ ಸುದ್ದಿಯೇ ಬೇಡ. ಮೂರು ತಿಂಗಳಲ್ಲಿ ಎಣ್ಣೆ, ಸಕ್ಕರೆ, ಅನ್ನದ ಪ್ರಮಾಣ ತಗ್ಗಿಸಿ, ದಿನಾ ನಡೆದರೆ 4-5 ಕೆ.ಜಿ. ಇಳಿಯಬಹುದು. ಉಳಿದ ಮೂರಕ್ಕೆ ಟೈಲರನ್ನು ಕಾಣಿ.